ಶೀಶೆ ಕೊಡುವ ಮುನ್ನ

ಕೇಳುಗರಿಗೆ ನಮಸ್ಕಾರ. ಶಾಲೆಯ ಆಟಗಾರರಿಗೆಲ್ಲ ಮಾದಕ ವಸ್ತು ಪರೀಕ್ಷೆ ಮಾಡಬೇಕೇ ಅನ್ನುವುದು ಇವತ್ತಿನ ಮಾತು.

ಅಮೆರಿಕದ ಆರೆಗನ್ ರಾಜ್ಯದಲ್ಲಿ ವರ್ನೋನಿಯಾ ಅಂತ ಒಂದು ಸಣ್ಣ ಊರು. 1991ರಲ್ಲಿ ಅಲ್ಲಿನ ಏಳನೇ ತರಗತಿಯ ಹುಡುಗನೊಬ್ಬ ಶಾಲೆಯ ಫುಟ್‌ಬಾಲ್ ತಂಡಕ್ಕೆ ಸೇರಲು ಹೋದ. ಮಾದಕ ವಸ್ತು ಪರೀಕ್ಷೆಯ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮ ಸಹಿ ಹಾಕಲಿಲ್ಲ. ಹುಡುಗನಿಗೆ ಆಟವೂ ಸಿಗಲಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1995ರಲ್ಲಿ 6 ನ್ಯಾಯಮೂರ್ತಿಗಳು ಶಾಲೆಯ ಪರ, 3 ಮಂದಿ ವಿರುದ್ಧ ನಿಂತರು, ಶಾಲೆ ಗೆದ್ದಿತು.

ಅದು ಮೂತ್ರ ಪರೀಕ್ಷೆ, ನಡೆಯುತ್ತಿದ್ದದ್ದು ಹೀಗೆ. ಆಟದ ಋತುವಿನ ಆರಂಭದಲ್ಲಿ ಎಲ್ಲ ಆಟಗಾರರಿಗೂ. ಆಮೇಲೆ ವಾರಕ್ಕೊಮ್ಮೆ ಚೀಟಿ ಎತ್ತಿ ಶೇ 10ರಷ್ಟು ಮಕ್ಕಳಿಗೆ. ಶೀಶೆಯಲ್ಲಿ ಮೂತ್ರ ಕೊಡಲು ಹುಡುಗ ಬೆನ್ನು ತಿರುಗಿಸಿ ನಿಲ್ಲಬೇಕು. 12–15 ಅಡಿ ಹಿಂದೆ ದೊಡ್ಡವರೊಬ್ಬರು ಕಾವಲು. ಹುಡುಗಿಯರಿಗೆ ಬಾಗಿಲು ಮುಚ್ಚಿಕೊಳ್ಳಬಹುದಿತ್ತು, ಆದರೆ ಹೊರಗೆ ನಿಂತವರ ಕಿವಿ ಒಳಗೇ ಇರುತ್ತಿತ್ತು. ಶೀಶೆ ಕೈಗೆ ಬಂದಾಗ ಬೆಚ್ಚಗಿದೆಯೇ ಅಂತ ನೋಡುವುದು, ಮೋಸ ಆಗಿರಬಾರದಲ್ಲ! ಆಟಗಾರರು ಹೇಗೂ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸುವವರು, ಅವರಿಗೇನು ಸಂಕೋಚ ಎಂಬುದು ತೀರ್ಪಿನ ಒಂದು ವಾದ. ತಮ್ಮ ಹದಿಮೂರನೇ ವಯಸ್ಸು ಮರೆತವರ ವಾದ ಅದು, ಅಂತ ನನಗನ್ನಿಸುತ್ತದೆ.

ಇನ್ನು, ಆ ಶೀಶೆಯಲ್ಲಿ ಹುಡುಕಿದ್ದೇನು? ಗಾಂಜಾ, ಕೊಕೇನ್, ಆಂಫೆಟಮಿನ್. ಇಂಗ್ಲಿಷ್‌ನಲ್ಲಿ ಎಲ್ಲಕ್ಕೂ ಡ್ರಗ್ ಎಂದೇ ಹೆಸರು. ನಾವಾದರೆ ಮಾದಕ ವಸ್ತು ಬೇರೆ, ಉದ್ದೀಪನ ಮದ್ದು ಬೇರೆ ಅನ್ನುತ್ತೇವೆ. ಒಂದು ಮತ್ತಿಗೆ, ಇನ್ನೊಂದು ಗೆಲುವಿಗೆ. ಮೈದಾನಕ್ಕೆ ನೇರವಾಗಿ ಸಂಬಂಧಪಟ್ಟ, ಸ್ನಾಯು ಬೆಳೆಸುವ ಸ್ಟೀರಾಯ್ಡ್ ಮದ್ದು ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಬೇರೆ ಪ್ರಯೋಗಾಲಯ, ಬೇರೆ ಖರ್ಚು. ಬೆಳೆಯುವ ಮಕ್ಕಳಲ್ಲಿ ಸ್ಟೀರಾಯ್ಡ್ ಎಲುಬಿನ ತುದಿಯ ಬೆಳವಣಿಗೆಯನ್ನು ಬೇಗ ಮುಗಿಸಿಬಿಡುತ್ತದೆ. ತೋಳು ದಪ್ಪವಾಗುತ್ತದೆ, ಎತ್ತರ ಅಲ್ಲಿಗೇ ನಿಲ್ಲುತ್ತದೆ. ಟೆಕ್ಸಸ್ ರಾಜ್ಯ ಹೈಸ್ಕೂಲು ಆಟಗಾರರಿಗೆ ಸ್ಟೀರಾಯ್ಡ್ ಪರೀಕ್ಷೆಯನ್ನೇ ಶುರುಮಾಡಿ, ಲಕ್ಷಗಟ್ಟಲೆ ಡಾಲರ್ ಸುರಿದು, 2015ರಲ್ಲಿ ಕೈಬಿಟ್ಟಿತು. ಸಿಕ್ಕಿಬಿದ್ದವರು ಶೇ 1ಕ್ಕಿಂತ ಎಷ್ಟೋ ಕಡಿಮೆ. ಹೆದರಿ ಬಿಟ್ಟರೋ, ಜಾಣತನದಿಂದ ತಪ್ಪಿಸಿಕೊಂಡರೋ, ಆ ಅಂಕಿಯೊಂದರಿಂದಲೇ ಹೇಳಲಾಗದು.

ಪರೀಕ್ಷೆ ಬೇಕು ಅನ್ನುವವರ ಒಂದು ಮಾತು ಮಾತ್ರ ನನಗೆ ನಾಟಿದೆ. ಗೆಳೆಯರು ಒತ್ತಾಯಿಸಿದಾಗ "ನಾಳೆ ಟೆಸ್ಟ್ ಇದೆ ಕಣೋ, ಬೇಡ" ಅನ್ನಲು ಮಗುವಿಗೊಂದು ನೆಪ ಸಿಗುತ್ತದೆ. ನಿಜ. ಆದರೆ ಲೆಕ್ಕ ಬಲ್ಲ ಮಕ್ಕಳೂ ಇದ್ದಾರೆ. ದಿನವೂ ಸೇದುವವರ ಮೂತ್ರದಲ್ಲಿ ಗಾಂಜಾದ ಸುಳಿವು ವಾರಗಟ್ಟಲೆ ಉಳಿಯುತ್ತದೆ, ಸಾರಾಯಿ ಒಂದೇ ರಾತ್ರಿಯಲ್ಲಿ ಇಳಿದುಹೋಗುತ್ತದೆ. ಅವರು ಯಾವುದಕ್ಕೆ ಕೈಹಾಕುತ್ತಾರೆ, ಹೇಳಿ? ಅದೇ ಆರೆಗನ್‌ನ ಹೈಸ್ಕೂಲುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿಂದಿನ ಒಂದು ತಿಂಗಳ ಸೇವನೆಯ ಮಟ್ಟಿಗೆ ಪರೀಕ್ಷೆ ಇದ್ದ ಶಾಲೆಗೂ ಇಲ್ಲದ ಶಾಲೆಗೂ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ಚೀಟಿ ಎತ್ತುವ ಪರೀಕ್ಷೆ ಬೇಡ ಅನ್ನುವವನು ನಾನು. ಅನುಮಾನಕ್ಕೆ ಕಾರಣವಿದ್ದರೆ, ಮನೆಯವರನ್ನು ಕೂರಿಸಿಕೊಂಡು ಮಾಡಲಿ. ಕಾರಣ ಕಣ್ಣಿಗೆ ಬೀಳುವುದಿಲ್ಲವೇ? ಬೇಸಿಗೆ ರಜೆ ಮುಗಿಸಿ ಬಂದ ಹುಡುಗನ ಅಂಗಿ ಭುಜದಲ್ಲಿ ಬಿಗಿಯಾಗಿದೆ, ಬೆನ್ನ ತುಂಬ ಮೊಡವೆ, ಸಣ್ಣ ಮಾತಿಗೂ ಸಿಡಿಮಿಡಿ. ಸ್ಟೀರಾಯ್ಡ್‌ನ ಗುರುತುಗಳಿರಬಹುದು ಇವು. ಕೋಚ್ ನೋಡುತ್ತಾರೆ. ನೋಡಿ, ಬೆನ್ನು ತಟ್ಟಿ, ಮುಂದಿನ ಪಂದ್ಯಕ್ಕೆ ಮೊದಲ ಹೆಸರು ಅವನದೇ ಬರೆಯುತ್ತಾರೆ. "ರಜೆಯಲ್ಲಿ ಏನೋ ತಗೊಂಡೆ?" ಅಂತ ಕೇಳಿದ್ದರೆ ಶೀಶೆಯ ಮಾತು ಆಮೇಲೆ ಬರುತ್ತಿತ್ತು.

ನಮಸ್ಕಾರ.