ಒಂದು ಸೊನ್ನೆಗೆ ಎಂಟು ಅಂಕಿ

ಸಭೆಯಲ್ಲಿರುವ ಹಿರಿಯರಿಗೆ, ಸ್ನೇಹಿತರಿಗೆ ಮತ್ತು ವಿದ್ಯಾರ್ಥಿಗಳಿಗೆ ನಮಸ್ಕಾರ.

1985ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಮಹಡಿಯ ಮೇಲಿನ ಒಂದು ಕೋಣೆಗೆ ಹೊಸ ಬೀಗ ಬಂತು, ಕಿಟಕಿಗಳಿಗೆ ದಪ್ಪ ಪರದೆ ಬಂತು, ನೆಲಕ್ಕೆ ಜಮಖಾನ ಬಂತು. ಚಪ್ಪಲಿಯನ್ನು ಹೊರಗೆ ಬಿಟ್ಟು, ಕೈ ಒರೆಸಿಕೊಂಡು, ಸಾಲಾಗಿ ಒಳಗೆ ಹೋಗಬೇಕಿತ್ತು. ವಾರಕ್ಕೆ ಒಂದು ಅವಧಿ, ಒಂದು ಯಂತ್ರಕ್ಕೆ ಮೂವರು. ಸ್ವಿಚ್ ಹಾಕಿದೊಡನೆ ಮೊದಲು ತಗ್ಗಿನ, ಆಮೇಲೆ ಏರಿನ ಒಂದು ಸದ್ದು ಕೇಳುತ್ತಿತ್ತು. ಕಪ್ಪು ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು, ಅದರ ಕೆಳಗೆ ‘ಬೇಸಿಕ್’ ಎಂಬ ಪದ, ಅದಕ್ಕೂ ಕೆಳಗೆ ಬಾಣದ ಮೊನೆಯಂಥ ಒಂದು ಗುರುತು, ಅದರ ಪಕ್ಕದಲ್ಲಿ ಮಿನುಗುವ ಗೆರೆ. ಅಲ್ಲಿಗೆ ಯಂತ್ರ ಹೇಳಬೇಕಾದದ್ದು ಮುಗಿದಿರುತ್ತಿತ್ತು. ಮುಂದಿನ ಮಾತು ನಮ್ಮದು.

ಆ ಕಾಲದ ಮನೆಗಣಕಗಳನ್ನೂ ನಾಣ್ಯ ಹಾಕಿ ಆಡುತ್ತಿದ್ದ ವಿಡಿಯೊ ಆಟಗಳನ್ನೂ ನೆನೆದು ಹಂಬಲಿಸುವವರು ಇಂದು ಜಗತ್ತಿನ ಎಲ್ಲ ಕಡೆ ಇದ್ದಾರೆ. ಕಳೆದುಹೋದ ಬಾಲ್ಯದ ಮೇಲಿನ ಮಮತೆಯೇ ಇದು ಎಂದು ಹೇಳುವುದು ಸುಲಭ. ಆ ಮಾತಿನಲ್ಲಿ ಸತ್ಯಾಂಶ ಇರಬಹುದಾದರೂ ಅದು ನನಗೆ ಸಾಲದು, ಏಕೆಂದರೆ ಅದೇ ಬಾಲ್ಯದಲ್ಲಿ ನಮ್ಮ ಮನೆಯಲ್ಲಿದ್ದ ಟೇಬಲ್ ಫ್ಯಾನನ್ನೋ ಇಸ್ತ್ರಿ ಪೆಟ್ಟಿಗೆಯನ್ನೋ ನೆನೆದು ನಾನು ಹೀಗೆ ಹಂಬಲಿಸುವುದಿಲ್ಲ. ಆ ಚಿಕ್ಕ ಗಣಕದಲ್ಲಿ ಬೇರೆ ವಸ್ತುಗಳಲ್ಲಿ ಇಲ್ಲದ ಒಂದು ಗುಣವಿತ್ತು. ಅದನ್ನು ಒಬ್ಬ ಮನುಷ್ಯ, ತಾಳ್ಮೆಯಿದ್ದರೆ ಒಬ್ಬ ಶಾಲಾ ಬಾಲಕ ಕೂಡ, ಬುಡದಿಂದ ತುದಿಯವರೆಗೆ ಪೂರ್ತಿಯಾಗಿ ಅರಿತುಕೊಳ್ಳಬಹುದಿತ್ತು. ನಾವು ಕಳೆದುಕೊಂಡು ಮರುಗುತ್ತಿರುವುದು ಆ ಅರಿವಿನ ಸಾಧ್ಯತೆಯನ್ನು ಎಂಬುದು ನನ್ನ ನಂಬಿಕೆ.

ಆ ಯಂತ್ರ ಹುಟ್ಟಿದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಬ್ರಿಟನ್ನಿನ ಬಿಬಿಸಿ ಸಂಸ್ಥೆ 1980ರ ದಶಕದ ಆರಂಭದಲ್ಲಿ ಜನಸಾಮಾನ್ಯರಿಗೆ ಗಣಕವನ್ನು ಕಲಿಸುವ ದೂರದರ್ಶನ ಸರಣಿಯೊಂದನ್ನು ಯೋಜಿಸಿತು, ಮತ್ತು ನೋಡುಗರು ಮನೆಯಲ್ಲಿ ಕುಳಿತು ಅಭ್ಯಾಸ ಮಾಡಲು ತನ್ನ ಹೆಸರಿನದೇ ಒಂದು ಯಂತ್ರ ಬೇಕೆಂದು ಬಯಸಿತು. ಅದೇ ಬಿಬಿಸಿ ಮೈಕ್ರೊ. ಕೇಂಬ್ರಿಜ್ ನಗರದ ಏಕಾರ್ನ್ ಎಂಬ ಸಣ್ಣ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರಿದ್ದ ತಂಡ 1981ರಲ್ಲಿ ಒಂದು ವಾರದೊಳಗೆ, ಕೊನೆಕೊನೆಗೆ ನಿದ್ದೆಗೆಟ್ಟು, ಅದರ ಮೊದಲ ಮಾದರಿಯನ್ನು ನಿಲ್ಲಿಸಿ ತೋರಿಸಿತು. ಹನ್ನೆರಡು ಸಾವಿರ ಯಂತ್ರಗಳು ಮಾರಾಟವಾದಾವು ಎಂದು ಎಣಿಸಿದ್ದಲ್ಲಿ ಕಡೆಗೆ ಹದಿನೈದು ಲಕ್ಷಕ್ಕೂ ಹೆಚ್ಚು ಹೋದವು. ಅದೇ ವಿಲ್ಸನ್ ಮತ್ತು ಫರ್ಬರ್ 1985ರಲ್ಲಿ ರೂಪಿಸಿದ ಆರ್ಮ್ ಎಂಬ ಪ್ರೊಸೆಸರಿನ, ಅಂದರೆ ಗಣಕದ ಲೆಕ್ಕ ನಡೆಸುವ ಚಿಪ್‌ನ, ವಂಶಜರೇ ಈಗ ನಿಮ್ಮ ಜೇಬಿನಲ್ಲಿರುವ ಫೋನುಗಳನ್ನು ನಡೆಸುತ್ತಿವೆ.

ಆ ಯಂತ್ರ ನಮ್ಮ ಮಹಡಿಯ ಕೋಣೆಗೆ ಬಂದದ್ದು ಒಂದು ಸರ್ಕಾರಿ ಯೋಜನೆಯ ಮೂಲಕ. ಕೇಂದ್ರ ಸರ್ಕಾರ 1984ರಲ್ಲಿ ‘ಕ್ಲಾಸ್’ ಎಂಬ ಚಿಕ್ಕ ಹೆಸರಿನ ಗಣಕ ಸಾಕ್ಷರತಾ ಯೋಜನೆಯನ್ನು ಆರಂಭಿಸಿ, ಮೊದಲ ಹಂತದಲ್ಲಿ ದೇಶದ 250 ಶಾಲೆಗಳಿಗೆ ಬಿಬಿಸಿ ಮೈಕ್ರೊಗಳನ್ನು ಹಂಚಿತು. ನಮ್ಮ ಶಾಲೆಗೆ ಅದು ಬಂದದ್ದು ನನ್ನ ಪುಣ್ಯ ಎಂದೇ ಇಂದಿಗೂ ಭಾವಿಸುತ್ತೇನೆ.

ಈಗ ಆ ಯಂತ್ರದ ಒಳಗೆ ಹೋಗೋಣ. ಅದರ ಪ್ರೊಸೆಸರಿಗೆ ಎಟುಕುತ್ತಿದ್ದ ಒಟ್ಟು ನೆನಪಿನ ಮನೆಗಳು 65,536. ಅದರಲ್ಲಿ ಅರ್ಧ, ಅಂದರೆ 32 ಕಿಲೋಬೈಟ್, ನಮ್ಮ ಬರವಣಿಗೆಗೆ ಮತ್ತು ಪರದೆಯ ಚಿತ್ರಕ್ಕೆ. ಉಳಿದರ್ಧದಲ್ಲಿ ನಾವು ಆಜ್ಞೆಗಳನ್ನು ಬರೆಯುತ್ತಿದ್ದ ಬೇಸಿಕ್ ಭಾಷೆ ಮತ್ತು ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ. ಇಂದು ಫೋನಿನಲ್ಲಿ ತೆಗೆದ ಸಾಧಾರಣ ಫೋಟೊ ಒಂದಕ್ಕೆ ಮೂರು ಮೆಗಾಬೈಟ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಅಂಥ ಒಂದೇ ಫೋಟೊವನ್ನು ಇಡಲು ನಮ್ಮ ಯಂತ್ರದಂಥ ಸುಮಾರು ನೂರು ಯಂತ್ರಗಳು ಬೇಕಾಗುತ್ತಿದ್ದವು. ಆದರೆ ಆ ಪ್ರತಿಯೊಂದು ಮನೆಗೂ ಒಂದು ಸಂಖ್ಯೆಯಿತ್ತು, ಯಾವ ಮನೆಯಲ್ಲಿ ಏನಿದೆ ಎಂದು ಕೇಳಿದರೆ ಯಂತ್ರ ಮರೆಮಾಚದೆ ಹೇಳುತ್ತಿತ್ತು, ಬದಲಿಸು ಎಂದರೆ ಬದಲಿಸುತ್ತಿತ್ತು. ಬೇಸಿಕ್ ಪ್ರೋಗ್ರಾಮಿನ ನಡುವೆಯೇ ಒಂದು ಚೌಕ ಆವರಣ ತೆರೆದು ಪ್ರೊಸೆಸರಿನ ಸ್ವಂತ ಭಾಷೆಯಲ್ಲಿ ಬರೆಯಲೂ ಅಲ್ಲಿ ಅವಕಾಶವಿತ್ತು.

ನಾನು ಮೊದಲು ಬಯಸಿದ್ದು ಪರದೆಯ ಮೇಲೆ ಕನ್ನಡವನ್ನು ನೋಡಲು. ನಮ್ಮ ಗಣಿತದ ಮೇಷ್ಟ್ರು ಚೌಕಳಿ ಪುಸ್ತಕದಿಂದ ಒಂದು ಹಾಳೆ ಹರಿದು, ಎಂಟು ಚೌಕ ಅಗಲ, ಎಂಟು ಚೌಕ ಎತ್ತರದ ಒಂದು ಅಂಕಣ ಗೀಚಿ, ‘ಸುಲಭದ್ದು ಯಾವುದು ಹೇಳು, ಅದರಿಂದ ಶುರು ಮಾಡೋಣ’ ಎಂದರು. ಸೊನ್ನೆ ಎಂದೆ, ‘ಅಂ’ ಬರೆಯುವಾಗ ಪಕ್ಕದಲ್ಲಿ ಇಡುವ ಸೊನ್ನೆ. ಅಂಕಣದ ಮೇಲಿನ ಮತ್ತು ಕೆಳಗಿನ ಸಾಲುಗಳನ್ನು ಖಾಲಿ ಬಿಟ್ಟು ನಡುವೆ ಒಂದು ದುಂಡು ಬರುವಂತೆ ಚೌಕಗಳನ್ನು ಪೆನ್ಸಿಲಿನಿಂದ ತುಂಬಿದೆವು. ಆಮೇಲೆ ಎಡದಿಂದ ಬಲಕ್ಕೆ ಚೌಕಗಳ ತಲೆಯ ಮೇಲೆ 128, 64, 32, 16, 8, 4, 2, 1 ಎಂದು ಬರೆದು, ಪ್ರತಿ ಸಾಲಿನಲ್ಲಿ ತುಂಬಿದ ಚೌಕಗಳ ಬೆಲೆಯನ್ನು ಕೂಡಿಸಬೇಕು. ದುಂಡಿನ ನೆತ್ತಿಯಲ್ಲಿ ನಡುವಿನ ನಾಲ್ಕು ಚೌಕಗಳು ತುಂಬಿವೆ: 32, 16, 8, 4, ಒಟ್ಟು 60. ಅದರ ಕೆಳಗಿನ ಸಾಲಿನಲ್ಲಿ ಎಡಕ್ಕೊಂದು ಬಲಕ್ಕೊಂದು: 64 ಮತ್ತು 2, ಒಟ್ಟು 66. ಹೀಗೆ ಮೇಲಿನಿಂದ ಕೆಳಗೆ ಎಂಟು ಅಂಕಿಗಳು ಸಿಕ್ಕವು: 0, 60, 66, 66, 66, 66, 60, 0. ಈ ಎಂಟನ್ನು ಒಂದು ಆಜ್ಞೆಯ ಹಿಂದೆ ಟೈಪ್ ಮಾಡಿ 240ನೆಯ ಅಕ್ಷರವೆಂದು ಹೆಸರಿಟ್ಟು ಕರೆದಾಗ, ಪರದೆಯ ಮೇಲೆ ಒಂದು ಸೊನ್ನೆ ಬಂದು ಕುಳಿತಿತು. ಸೊನ್ನೆ ಮತ್ತು ಒಂದರಲ್ಲೇ ಎಲ್ಲವನ್ನೂ ಎಣಿಸುವ ದ್ವಿಮಾನ ಪದ್ಧತಿಯನ್ನು ಆಮೇಲೆ ಕಾಲೇಜಿನಲ್ಲಿ ವಿಧಿವತ್ತಾಗಿ ಓದಿದೆ, ಆದರೆ ಅದು ನನಗೆ ಮನದಟ್ಟಾದದ್ದು ಆ ಮಧ್ಯಾಹ್ನವೇ. ನಮ್ಮ ಕಡೆ ಕಸೂತಿ ಹಾಕುವ ಹೆಂಗಸರು ಬಟ್ಟೆಯ ಎಳೆಗಳನ್ನು ಎಣಿಸಿ ಗೋಪುರವನ್ನೂ ನವಿಲನ್ನೂ ಮೂಡಿಸುವುದನ್ನು ನಾನು ಕಂಡಿದ್ದೆ. ಇದೂ ಅದೇ ಜಾತಿಯ ಕೆಲಸ ಎಂದು ತಿಳಿದ ಮೇಲೆ ಯಂತ್ರದ ಮೇಲಿನ ಅಂಜಿಕೆ ಹೋಯಿತು.

ಸೊನ್ನೆಯಷ್ಟು ಸಲೀಸಾಗಿ ಉಳಿದ ಅಕ್ಷರಗಳು ಬರಲಿಲ್ಲ. ಹೀಗೆ ನಾವೇ ರೂಪಿಸಿಕೊಳ್ಳಬಹುದಾದ ಅಕ್ಷರಗಳಿಗೆ ಯಂತ್ರ ಮೊದಲಿಗೆ ಬಿಟ್ಟುಕೊಟ್ಟ ಜಾಗ 32. ನಮ್ಮ ವರ್ಣಮಾಲೆಯೇ 49, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಒತ್ತು ಎಂಬುದು ಸಾಲಿನ ಕೆಳಗೆ ಇಳಿಯುವಂಥದ್ದು, ಎಂಟು ಸಾಲಿನ ಅಂಕಣದಲ್ಲಿ ಅಕ್ಷರಕ್ಕೂ ಅದರ ಒತ್ತಿಗೂ ಒಟ್ಟಿಗೆ ಸ್ಥಳವಿಲ್ಲ. ಪ್ರತಿ ರೂಪವನ್ನೂ ಬೇರೆಬೇರೆಯಾಗಿ ಬರೆದಿಡುವ ದಾರಿ ಮುಚ್ಚಿದೆ, ವ್ಯಂಜನವನ್ನೂ ಸ್ವರವನ್ನೂ ಬಿಡಿಸಿ ಇಟ್ಟುಕೊಂಡು ಬೇಕಾದಾಗ ಕೂಡಿಸಬೇಕು ಎಂಬ ಅರಿವು ಆ ಇಕ್ಕಟ್ಟಿನಲ್ಲೇ ನಮಗೆ ಮಸುಕಾಗಿ ಹೊಳೆಯಿತು. ಅಕ್ಷರಗಳನ್ನು ಹೀಗೆ ಬಿಡಿಸಿ ಕೂಡಿಸುವ ತತ್ವದ ಮೇಲೆಯೇ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಅಕ್ಷರ ಕೀಲಿಗಳಲ್ಲಿ ಇಡೀ ಕನ್ನಡವನ್ನು ಅಡಗಿಸಿದರು ಎಂದು ಮುಂದೆ ತಿಳಿದಾಗ, ಆ ಕೆಲಸದ ಎತ್ತರ ಎಷ್ಟೆಂದು ಅಳೆಯಲು ನನ್ನ ಬಳಿ ಒಂದು ಅಳತೆಗೋಲು ಇತ್ತು.

ಇಕ್ಕಟ್ಟು ಕಣ್ಣಿಗೆ ಕಾಣುತ್ತಿದ್ದುದೇ ಆ ಯಂತ್ರಗಳ ವೈಶಿಷ್ಟ್ಯ. ಬ್ರಿಟನ್ನಿನಲ್ಲಿ 1982ರ ಏಪ್ರಿಲಿನಲ್ಲಿ ಬಂದ ಸಿಂಕ್ಲೇರ್ ಜೆಡ್‌ಎಕ್ಸ್ ಸ್ಪೆಕ್ಟ್ರಮ್ಮನ್ನು ನೋಡಿ. ರಬ್ಬರಿನ ಕೀಲಿಗಳ ಆ ಪುಟ್ಟ ಪೆಟ್ಟಿಗೆಯ 48ಕೆ ಮಾದರಿಯ ಬೆಲೆ 175 ಪೌಂಡು. ಬಿಬಿಸಿಯ ದೊಡ್ಡ ಮಾದರಿಗೆ ಅದರ ಎರಡರಷ್ಟಕ್ಕೂ ಮೀರಿ 399 ಪೌಂಡು ತೆರಬೇಕಿತ್ತು. ಸ್ಪೆಕ್ಟ್ರಮ್ಮಿನ ಪರದೆಯಲ್ಲಿ 256 ಅಡ್ಡ, 192 ಉದ್ದ ಚುಕ್ಕಿಗಳು. ಪ್ರತಿ ಚುಕ್ಕಿಗೂ ಅದರದೇ ಬಣ್ಣ ಕೊಡಬೇಕಾಗಿದ್ದರೆ 24,576 ಬೈಟುಗಳು, ಅಂದರೆ ಯಂತ್ರದ ಅರ್ಧ ನೆನಪು, ಚಿತ್ರಕ್ಕೇ ಹೋಗಿಬಿಡುತ್ತಿತ್ತು. ಆದ್ದರಿಂದ ಎಂಟಕ್ಕೆಂಟರ ಪ್ರತಿ ಚೌಕಕ್ಕೆ ಎರಡೇ ಬಣ್ಣ ಎಂದು ಕಟ್ಟುಮಾಡಿ ಎಲ್ಲವನ್ನೂ 6,912 ಬೈಟುಗಳಲ್ಲಿ ಮುಗಿಸಿದರು. ಇದರ ಫಲವಾಗಿ ಆಟದ ಪಾತ್ರ ಒಂದು ಮರದ ಮುಂದೆ ಹಾದುಹೋದರೆ ಅದರ ಮೈಗೆ ಮರದ ಹಸಿರು ಅಂಟುತ್ತಿತ್ತು. ಅದನ್ನು ಆಗ ದೋಷವೆಂದರು. ಆ ಯಂತ್ರದ ಮುಂದೆ ಬೆಳೆದವರು ಈಗ ಅದೇ ಬಣ್ಣದ ಅಂಟನ್ನು ಪ್ರೀತಿಯಿಂದ ನೆನೆಯುತ್ತಾರೆ, ಏಕೆಂದರೆ ಯಂತ್ರ ಹೇಗೆ ಯೋಚಿಸುತ್ತಿದೆ ಎಂಬುದು ಅಲ್ಲಿ ಬರಿಗಣ್ಣಿಗೆ ತಿಳಿಯುತ್ತಿತ್ತು.

ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ವಿದ್ಯಾರ್ಥಿಗಳು 1984ರಲ್ಲಿ ಬಿಬಿಸಿ ಮೈಕ್ರೊಗೆಂದು ಹೊರತಂದ ‘ಇಲೀಟ್’ ಎಂಬ ಆಟದಲ್ಲಿ ಎಂಟು ಗೆಲಾಕ್ಸಿಗಳಿದ್ದವು, ಪ್ರತಿಯೊಂದರಲ್ಲಿ 256 ಲೋಕಗಳು. ಈ 2,048 ಲೋಕಗಳ ಹೆಸರು, ಆಡಳಿತ, ವ್ಯಾಪಾರ ಯಾವುದನ್ನೂ ಅವರು ಬರೆದಿಟ್ಟಿರಲಿಲ್ಲ. ಮೂರು ಸಂಖ್ಯೆಗಳ ಒಂದು ಬೀಜದಿಂದ ಹೊರಟು, ಕೂಡಿಸುತ್ತ ಹೋದಂತೆ ಲೋಕಗಳು ಒಂದರ ಹಿಂದೆ ಒಂದು ಹುಟ್ಟುತ್ತಿದ್ದವು, ಮತ್ತು ಅದೇ ಬೀಜದಿಂದ ಪ್ರತಿ ಸಲವೂ ಅದೇ ಲೋಕಗಳು. ಇಂಥ ಜಾಣ್ಮೆಯನ್ನು ನಾನು ಕಾವ್ಯಕ್ಕೆ ಸಮವೆಂದು ಎಣಿಸುತ್ತೇನೆ.

ಕ್ಯಾಸೆಟ್ಟಿನ ಬಗ್ಗೆ ಹೇಳದಿದ್ದರೆ ಆ ಕಾಲದ ಸದ್ದೇ ಕೇಳಿಸುವುದಿಲ್ಲ. ಮನೆಗಳಲ್ಲಿ ಹೆಚ್ಚಿನವರಿಗೆ ಡಿಸ್ಕ್ ದುಬಾರಿ, ಹಾಡು ಕೇಳುವ ಟೇಪ್ ರೆಕಾರ್ಡರೇ ಗತಿ. ಬಿಬಿಸಿ ಮೈಕ್ರೊ ಸೆಕೆಂಡಿಗೆ 1,200 ಬಿಟ್‌ನಂತೆ ಟೇಪಿನಿಂದ ಓದುತ್ತಿತ್ತು, ಅಂದರೆ 20 ಕಿಲೋಬೈಟಿನ ಆಟವೊಂದು ಒಳಗೆ ಬರಲು ಮೂರು ನಿಮಿಷ, ಆ ಮೂರು ನಿಮಿಷವೂ ಕೀರಲು ದನಿ. ದತ್ತಾಂಶ ಕಿವಿಗೆ ಕೇಳಿಸುತ್ತಿದ್ದ ಕಾಲ ಅದು. ಸದ್ದೇ ಆಗಿದ್ದರಿಂದ ಅದನ್ನು ಆಕಾಶವಾಣಿಯಂಥ ಬಾನುಲಿಯಲ್ಲೂ ಬಿತ್ತರಿಸಬಹುದಿತ್ತು. ನೆದರ್ಲೆಂಡ್ಸಿನಲ್ಲಿ ರೇಡಿಯೊ ಮೂಲಕ ಪ್ರೋಗ್ರಾಮುಗಳನ್ನು ಪ್ರಸಾರ ಮಾಡಿದರು, ಕೇಳುಗರು ಅವನ್ನು ಟೇಪಿಗೆ ಹಿಡಿದು ತಮ್ಮ ಗಣಕಗಳಲ್ಲಿ ನಡೆಸಿದರು.

ನಾಣ್ಯದ ಆಟಗಳಲ್ಲೂ ಯಂತ್ರದ ಮೈಕಟ್ಟು ಹೀಗೆಯೇ ಹೊರಗೆ ಕಾಣುತ್ತಿತ್ತು. ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾದೊ ಅವರು 1978ರಲ್ಲಿ ಮಾಡಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಹನ್ನೊಂದರಂತೆ ಐದು ಸಾಲು, ಒಟ್ಟು 55 ಶತ್ರುಗಳು. ಪರದೆ ಸೆಕೆಂಡಿಗೆ ಅರವತ್ತು ಸಲ ಹೊಸದಾಗುತ್ತದೆ, ಪ್ರತಿ ಸಲಕ್ಕೆ ಯಂತ್ರ ಒಬ್ಬ ಶತ್ರುವನ್ನು ಮಾತ್ರ ಸರಿಸುತ್ತದೆ. ಹಾಗಾಗಿ ಎಲ್ಲರೂ ಇದ್ದಾಗ ಇಡೀ ದಂಡು ಒಂದು ಹೆಜ್ಜೆ ಇಡಲು ಸೆಕೆಂಡಿನ ಹತ್ತಿರ ಹತ್ತಿರ ಹಿಡಿಯುತ್ತದೆ. ನೀವು ಕೊಂದಷ್ಟೂ ಉಳಿದವರ ಸರದಿ ಬೇಗ ಬಂದು ದಂಡು ಚುರುಕಾಗುತ್ತದೆ, ಕೊನೆಗೆ ಉಳಿದ ಒಬ್ಬನಂತೂ ಓಡತೊಡಗುತ್ತಾನೆ. ಯಂತ್ರದ ಮೇಲಿನ ಹೊರೆ ಇಳಿದದ್ದರಿಂದ ಬಂದ ಈ ವೇಗವನ್ನು ನಿಶಿಕಾದೊ ತಿದ್ದದೆ ಹಾಗೆಯೇ ಉಳಿಸಿಕೊಂಡರು. ಅವರ ನಂತರ ಬಂದ ಲೆಕ್ಕವಿಲ್ಲದಷ್ಟು ಆಟಗಳು ಮುಂದೆ ಹೋದಂತೆ ಕಠಿಣವಾಗುವುದನ್ನು ಕಲಿತದ್ದು ಇಲ್ಲಿಂದ. 1980ರ ‘ಪ್ಯಾಕ್‌ಮನ್’ ಆಟದಲ್ಲಿ 256ನೆಯ ಹಂತ ತಲುಪಿದವರಿಗೆ ಪರದೆಯ ಬಲಭಾಗ ಅಕ್ಷರಗಳ ರಾಶಿಯಾಗಿ ಕೆಟ್ಟು ಕಾಣುತ್ತದೆ. ಎಂಟು ಬಿಟ್ಟುಗಳ ಒಂದು ಬೈಟಿನಲ್ಲಿ ಎಣಿಸಬಹುದಾದದ್ದು 255ರವರೆಗೆ, ಆಮೇಲೆ ಮತ್ತೆ ಸೊನ್ನೆ. ಆಟಗಾರ ಅಲ್ಲಿ ಮುಟ್ಟುವುದು ಸಂಖ್ಯೆಯ ಅಂಚನ್ನು.

ಇಷ್ಟು ಹೇಳಿದ ಮೇಲೆ ಆ ಕಾಲ ಯಾರನ್ನು ಹೊರಗೆ ಇಟ್ಟಿತ್ತು ಎಂಬುದನ್ನೂ ಹೇಳಲೇಬೇಕು. ನಮ್ಮ ತರಗತಿಯಲ್ಲಿ ಯಂತ್ರದ ಮುಂದಿನ ಕುರ್ಚಿ ಹುಡುಗರದಾಗಿರುತ್ತಿತ್ತು, ಹುಡುಗಿಯರು ಹಿಂದೆ ನಿಂತು ನೋಡುತ್ತಿದ್ದರು, ಅದನ್ನು ಯಾರೂ ಪ್ರಶ್ನಿಸಲಿಲ್ಲ. ನಾವು ತೊಟ್ಟಿಲೆಂದುಕೊಂಡ ಆ ಯಂತ್ರದ ರೂವಾರಿಗಳಲ್ಲಿ ಒಬ್ಬರಾದ ಸೋಫಿ ವಿಲ್ಸನ್ ಅವರ ಹೆಸರನ್ನು ಆ ಹುಡುಗಿಯರಿಗೆ ಯಾರಾದರೂ ಹೇಳಬೇಕಿತ್ತು. ಇನ್ನು ಭಾಷೆ. ಆಜ್ಞೆಯೊಂದನ್ನು ತಪ್ಪಾಗಿ ಟೈಪ್ ಮಾಡಿದರೆ ಯಂತ್ರ ಎಷ್ಟೋ ಸಲ ‘ಮಿಸ್ಟೇಕ್’ ಎಂಬ ಪದವನ್ನು ತೋರಿಸುತ್ತಿತ್ತು. ಇಂಗ್ಲಿಷ್ ಬಾರದ ಗೆಳೆಯನೊಬ್ಬ ತನಗೇ ಬೈದಂತೆ ಕುಗ್ಗಿ ಎರಡು ವಾರ ಆ ಕೋಣೆಗೆ ಬರಲಿಲ್ಲ. ನನ್ನ ಹಂಬಲದಲ್ಲಿ ಅವನೂ ಇದ್ದಾನೆ.

ಆ ಯಂತ್ರಗಳು ಈಗ ಮುಪ್ಪಾಗಿವೆ. ವಿದ್ಯುತ್ ಭಾಗದ ಹಳೆಯ ಕೆಪಾಸಿಟರುಗಳ ಹೊದಿಕೆ ಬಿರಿದು, ತೇವ ಹೀರಿ, ದಶಕಗಳ ಬಳಿಕ ಸ್ವಿಚ್ ಹಾಕಿದಾಗ ದಟ್ಟ ಹೊಗೆ ಬಿಡುವುದುಂಟು, ಆದ್ದರಿಂದ ಅಟ್ಟದಿಂದ ಇಳಿಸಿದ ಯಂತ್ರವನ್ನು ಪರೀಕ್ಷಿಸದೆ ಚಾಲೂ ಮಾಡಬೇಡಿ. ಟೇಪಿನ ಮೇಲಿನ ಕಾಂತೀಯ ಲೇಪ ಉದುರುತ್ತಿದೆ. ಇಟಲಿಯ ನಿಕೊಲಾ ಸಾಲ್ಮೊರಿಯಾ 1997ರಲ್ಲಿ ಆರಂಭಿಸಿದ ‘ಮೇಮ್’ ಎಂಬ ತಂತ್ರಾಂಶ ಹಳೆಯ ಆಟದ ಯಂತ್ರಗಳ ಚಿಪ್‌ಗಳನ್ನೇ ಅನುಕರಿಸಿ ಸಾವಿರಾರು ಆಟಗಳನ್ನು ಉಳಿಸಿದೆ. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿರುವ ಗಣಕ ವಸ್ತುಸಂಗ್ರಹಾಲಯದಲ್ಲಿ ಬಿಬಿಸಿ ಮೈಕ್ರೊಗಳನ್ನು ಸಾಲಾಗಿ ಚಾಲೂ ಇಟ್ಟು ಶಾಲಾ ಮಕ್ಕಳಿಗೆ ಕೂರಲು ಕೊಡುತ್ತಾರೆ. ಗಾಜಿನ ಹಿಂದೆ ಇಟ್ಟು ತೋರಿಸುವುದಕ್ಕಿಂತ ಆ ಕ್ರಮ ನನಗೆ ಹೆಚ್ಚು ಸರಿಯಾಗಿ ಕಾಣುತ್ತದೆ. ನಮ್ಮಲ್ಲಿ 1980ರ ದಶಕದಲ್ಲಿ ಶಾಲೆಗಳಿಗೆ ಬಂದ ಯಂತ್ರಗಳಲ್ಲಿ ಎಷ್ಟೋ ಗುಜರಿಗೆ ಹೋದವು. ಉಳಿದವು ಎಲ್ಲಾದರೂ ಪ್ರಯೋಗಾಲಯದ ಅಟ್ಟದಲ್ಲಿ ಇದ್ದರೆ, ಅವುಗಳ ಜೊತೆಗೆ ಮಕ್ಕಳು ತಮ್ಮ ಕೈಯಾರೆ ಬರೆದ ಪ್ರೋಗ್ರಾಮುಗಳ ಪುಸ್ತಕಗಳೂ ಇರಬಹುದು. ದಯವಿಟ್ಟು ಅವನ್ನೂ ಎತ್ತಿಡಿ.

ಈ ಮೇಜಿನ ಮೇಲೆ ಬಟ್ಟೆ ಮುಚ್ಚಿ ಇಟ್ಟಿರುವುದು ಅಂಥದೇ ಒಂದು ಬಿಬಿಸಿ ಮೈಕ್ರೊ. ಕೆಪಾಸಿಟರುಗಳನ್ನು ಬದಲಿಸಿದ್ದೇನೆ, ಕೀಲಿಗಳು ಎಲ್ಲವೂ ಕೆಲಸ ಮಾಡುತ್ತವೆ. ಪಕ್ಕದಲ್ಲಿ ಚೌಕಳಿ ಹಾಳೆಗಳೂ ಪೆನ್ಸಿಲುಗಳೂ ಇವೆ. ವಿದ್ಯಾರ್ಥಿಗಳು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಎಂಟಕ್ಕೆಂಟರಲ್ಲಿ ಬರೆದು, ಸಾಲುಗಳನ್ನು ಕೂಡಿಸಿಕೊಂಡು ಬನ್ನಿ. ಹೆಣ್ಣುಮಕ್ಕಳು ಮೊದಲು ಕುಳಿತುಕೊಳ್ಳಲಿ.