ಲ್ಯಾಪ್‌ಟಾಪ್‌ಗೆ ಎದೆ ಇಲ್ಲ, ಅದಕ್ಕೊಂದು ಡಬ್ಬಿ ಕೊಡಿ

ನಮಸ್ಕಾರ, ಎಲ್ಲರದೂ ಊಟ ಆಯ್ತಾ? ಶುರು ಮಾಡುವ ಮುಂಚೆ ಒಂದು ಮಾತು. ಇವತ್ತು ಕೂಲರ್ ಆಫ್ ಮಾಡಿ ಕೂತಿದ್ದೇನೆ. ಬಳ್ಳಾರಿಯಲ್ಲಿ, ಮೇ ತಿಂಗಳಲ್ಲಿ, ಮಧ್ಯಾಹ್ನ ಎರಡೂವರೆಗೆ. ಕೂಲರ್ ಹಾಕಿದರೆ ಮೈಕ್‌ನಲ್ಲಿ ಬರೀ ಅದರ ಗೊರಗೊರ ಸದ್ದೇ ಬರುತ್ತದೆ, ನನ್ನ ಮಾತು ಬರುವುದಿಲ್ಲ. ಈ ಕೂಲರ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೋದ ವಾರ ಒಂದು ವಿಡಿಯೋ ಹಾಕಿದ್ದೆ. ಲ್ಯಾಪ್‌ಟಾಪ್‌ಗೆ ಹೊರಗಿನಿಂದ ಒಂದು ಸಣ್ಣ ಸ್ಪೀಕರ್ ಜೋಡಿಸಿಕೊಳ್ಳಿ ಅಂತ ಹೇಳಿದ್ದೆ, ಅಷ್ಟೇ. ಅದರ ಕೆಳಗೆ ಒಬ್ಬ ತಮ್ಮ ಬರೆದಿದ್ದಾನೆ: "ಅಣ್ಣಾ, ಲ್ಯಾಪ್‌ಟಾಪ್‌ನ್ಯಾಗ ಸ್ಪೀಕರ್ ಐತಲ್ಲ, ಮತ್ತೊಂದು ಡಬ್ಬಿ ಯಾಕ? ರೊಕ್ಕ ಜಾಸ್ತಿ ಆಗೈತೇನು?" ಅದಕ್ಕೆ ಎಷ್ಟೋ ಜನ ಲೈಕ್ ಕೊಟ್ಟಿದ್ದಾರೆ. ಲೈಕ್ ಕೊಟ್ಟವರೆಲ್ಲ ಇವತ್ತು ಪೂರ್ತಿ ಕೇಳಿ. ರಾತ್ರಿ ನಿದ್ದೆ ಬಂದಿಲ್ಲ ನನಗೆ, ಅಷ್ಟು ಸಿಟ್ಟು ಬಂದಿದೆ.

ತಮ್ಮಾ, ಸದ್ದು ಅಂದರೆ ಗಾಳಿ. ಗಾಳಿ ತಳ್ಳದೆ ಸದ್ದು ಹುಟ್ಟುವುದಿಲ್ಲ. ಆ ಗಾಳಿ ತಳ್ಳಲು ನಿನ್ನ ಲ್ಯಾಪ್‌ಟಾಪ್‌ನಲ್ಲಿ ಜಾಗ ಎಲ್ಲಿದೆ? ಇಡೀ ಲ್ಯಾಪ್‌ಟಾಪ್ ದಪ್ಪ ಈಗ ಹೆಚ್ಚಾಗಿ ಎರಡು ಸೆಂಟಿಮೀಟರ್ ಆಸುಪಾಸು. ಅದರಲ್ಲೇ ಬ್ಯಾಟರಿ, ಫ್ಯಾನ್, ಕೀಬೋರ್ಡ್ ಎಲ್ಲಾ ತುಂಬಿ, ಉಳಿದ ಮೂಲೆಯಲ್ಲಿ ಬೆರಳಗಲದ ಎರಡು ಸ್ಪೀಕರ್ ತುರುಕಿರುತ್ತಾರೆ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಅದರ ಬಾಯಿ ಇರುವುದು ತಳದಲ್ಲಿ. ಟೇಬಲ್ ಮೇಲೆ ಇಟ್ಟರೆ ಟೇಬಲ್‌ಗೆ ಬಡಿದು ಸದ್ದು ನಿನ್ನ ಕಡೆ ಬರಬೇಕು. ಹಾಸಿಗೆ ಮೇಲೆ ಇಟ್ಟೆಯೋ, ಹಾಡೆಲ್ಲ ಗಾದಿ ಕೇಳುತ್ತದೆ, ನೀನಲ್ಲ.

ಮನೆಯಲ್ಲಿ ಆದದ್ದು ಹೇಳುತ್ತೇನೆ. ಹೋದ ಭಾನುವಾರ ಅಪ್ಪ ಲ್ಯಾಪ್‌ಟಾಪ್‌ನಲ್ಲಿ ಹಿಂದೂಸ್ತಾನಿ ಗಾಯನ ಹಾಕಿಕೊಂಡು ಕೂತಿದ್ದರು. ಕೂಲರ್ ಓಡುತ್ತಿದೆ, ಮೇಲೆ ಫ್ಯಾನ್ ತಿರುಗುತ್ತಿದೆ. ವಾಲ್ಯೂಮ್ ನೂರಕ್ಕೆ ನೂರು ಇಟ್ಟಿದ್ದಾರೆ, ಆದರೂ ಕುತ್ತಿಗೆ ಮುಂದೆ ಚಾಚಿ ಸ್ಕ್ರೀನ್ ಹತ್ತಿರ ಕಿವಿ ಇಟ್ಟುಕೊಂಡಿದ್ದಾರೆ. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದು ಕೇಳಿದರು, "ಈ ತಬಲಾದಾಂವ ಒಂದೇ ಕೈಲೆ ಬಾರ್ಸಾಕತ್ತಾನೇನೋ?"

ಒಂದೇ ಕೈಲೆ! ನಾನೂ ಕಿವಿ ಕೊಟ್ಟೆ. ಬಲಗೈ ತಬಲಾ ಟಣ್ ಟಣ್ ಅಂತ ಕೇಳುತ್ತಿದೆ, ಎಡಗೈಯ ಡಗ್ಗಾ ಇಲ್ಲವೇ ಇಲ್ಲ. ಡಗ್ಗಾದ ಗುಂ ಅನ್ನುವ ಸದ್ದು ಇರುವುದು ಕೆಳಗೆ, 100 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು ನೂರು ಸಲ ಅದುರುವ ಸದ್ದು. ಸಾಮಾನ್ಯ ಲ್ಯಾಪ್‌ಟಾಪ್ ಸ್ಪೀಕರ್ 200ಕ್ಕಿಂತ ಕೆಳಗೆ ಬರುತ್ತಿದ್ದಂತೆ ಸೋತುಹೋಗುತ್ತದೆ. ನಾನು ಒಳಗಿಂದ ನನ್ನ ಪುಟ್ಟ ಸ್ಪೀಕರ್ ತಂದೆ. ನಮ್ಮನೆ ನೀರಿನ ಚೊಂಬಿಗಿಂತ ದೊಡ್ಡದಲ್ಲ. ವೈರ್ ಚುಚ್ಚಿ, ಗೋಡೆಗೆ ಆನಿಸಿ ಟೇಬಲ್ ಮೇಲೆ ಇಟ್ಟೆ. ಅಪ್ಪನ ಚಹಾ ಲೋಟದ ಮೇಲೆ ಮುಚ್ಚಿದ್ದ ಸ್ಟೀಲ್ ತಟ್ಟೆ ಝುಂಯ್ ಅಂತ ಅದುರಿತು. ಅಪ್ಪ ಕುರ್ಚಿಗೆ ಒರಗಿ ಕೂತರು. "ಈಗ ಬಂತ್ ನೋಡು ಇನ್ನೊಂದು ಕೈ" ಅಂದರು.

ಇದಕ್ಕೇ ನಾನು ಬಾಯಿ ಬಡಿದುಕೊಳ್ಳುವುದು. ಡಗ್ಗಾ ಹಾಡಿನಲ್ಲೇ ಇತ್ತು, ಫೈಲ್‌ನಲ್ಲೇ ಇತ್ತು. ಅದನ್ನು ಹೊರಗೆ ತಳ್ಳುವ ಗಾಳಿ ಇರಲಿಲ್ಲ!

ಲೆಕ್ಕ ಬೇಕಾ? ಕೇಳಿ. ಅಷ್ಟೇ ಜೋರಾಗಿ ಕೇಳಬೇಕು, ಆದರೆ ಸ್ವರ ಮಾತ್ರ ಅರ್ಧಕ್ಕೆ ಇಳಿಯಬೇಕು ಅಂದರೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. 200 ಹರ್ಟ್ಸ್‌ನಿಂದ 100ಕ್ಕೆ ಇಳಿದರೆ ನಾಲ್ಕು ಪಟ್ಟು, 50ಕ್ಕೆ ಇಳಿದರೆ ಹದಿನಾರು ಪಟ್ಟು. ಬೆರಳಗಲದ ತೆಳು ಪೊರೆ ಎಲ್ಲಿಂದ ತಳ್ಳುತ್ತದೆ ಅಷ್ಟು ಗಾಳಿಯನ್ನು? ಡೊಳ್ಳಿನ ಸದ್ದು ತಾಳದಿಂದ ಬರುತ್ತದಾ? ನಮ್ಮ ಕಡೆ ಜಾತ್ರೆಯಲ್ಲಿ ಡೊಳ್ಳು ಬಂದರೆ ಮೊದಲು ಎದೆಗೆ ಬಡಿಯುತ್ತದೆ, ಆಮೇಲೆ ಕಿವಿಗೆ. ಯಾಕೆ? ಚರ್ಮ ಅಗಲ, ಹೊಟ್ಟೆ ದೊಡ್ಡದು. ಡೊಳ್ಳು ಹೊರುವವರಿಗೆ ಗೊತ್ತಿರುವ ವಿಷಯ ಇದು, ಇಂಜಿನಿಯರಿಂಗ್ ಓದುವ ತಮ್ಮನಿಗೆ ಗೊತ್ತಿಲ್ಲ ಅಂದರೆ ಹೇಗೆ?

ಇನ್ನೊಬ್ಬರು ಬರೆದಿದ್ದಾರೆ, "ಮಾತು ಕೇಳಿಸುತ್ತದಲ್ಲ, ಸಾಕು ಬಿಡಿ" ಅಂತ. ಕೇಳಿಸುತ್ತದೆ ಸ್ವಾಮಿ. ಹಳೆಯ ಲ್ಯಾಂಡ್‌ಲೈನ್ ಫೋನ್ ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಗಂಡಸರ ದನಿಯ ಬುಡ, ಅಂದರೆ ಅದರ ತೀರಾ ಕೆಳಗಿನ ಸ್ವರ, 100 ಹರ್ಟ್ಸ್ ಸುತ್ತಮುತ್ತ ಇರುತ್ತದೆ. ಅದು ಆ ಫೋನಿನಲ್ಲಿ ಬರುತ್ತಲೇ ಇರಲಿಲ್ಲ, ಆದರೂ ಅಪ್ಪನ ದನಿ ಗುರುತು ಸಿಗುತ್ತಿತ್ತು. ಮೇಲಿನ ಸ್ವರಗಳನ್ನು ಹಿಡಿದು ಮೆದುಳೇ ಬುಡವನ್ನು ಕಟ್ಟಿಕೊಳ್ಳುತ್ತದೆ. ಹಾಗಂತ ದಿನಾ ಮೂರು ತಾಸು ಆನ್‌ಲೈನ್ ಕ್ಲಾಸ್ ಕೇಳುವ ಹುಡುಗಿಗೆ ಕೂಲರ್ ಸದ್ದಿನ ಮಧ್ಯೆ ಅದೇ ಗತಿನಾ? ಕೇಳಿಸುವುದು ಬೇರೆ, ಕಿವಿ ತುಂಬುವುದು ಬೇರೆ.

"ವಾಲ್ಯೂಮ್ ಬೂಸ್ಟರ್ ಹಾಕಿಕೊಂಡರೆ ಆಯ್ತು" ಅನ್ನುವವರು ಒಂದಷ್ಟು ಜನ. ವಿಡಿಯೋ ನೋಡುವ ವಿಎಲ್‌ಸಿ ಪ್ಲೇಯರ್‌ನಲ್ಲಿ ನೂರಕ್ಕೆ 125ರವರೆಗೆ ಎಳೆಯಬಹುದು, ನಾನೂ ಎಳೆದಿದ್ದೇನೆ. ಏನಾಗುತ್ತದೆ ಗೊತ್ತಾ? ಮೊದಲೇ ಜೋರಾಗಿ ರೆಕಾರ್ಡ್ ಆದ ಹಾಡನ್ನು ನೂರು ದಾಟಿಸಿದರೆ ಸದ್ದಿನ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಗರಗರ ಅನ್ನುತ್ತದಲ್ಲ, ಅದೇ ಇದು. ಅಲ್ಲಿ ಗಾಳಿ ಜಾಸ್ತಿ ಆಗಿಲ್ಲ, ಕಿರುಚಾಟ ಜಾಸ್ತಿ ಆಗಿದೆ. ಗಂಟಲು ಒಣಗಿದವನಿಗೆ ನೀರು ಕೊಡದೆ ಇನ್ನೂ ಜೋರಾಗಿ ಕೂಗು ಅಂದ ಹಾಗೆ.

ಹೆಡ್‌ಫೋನ್ ಅಂತೀರಾ? ನಲವತ್ತು ಡಿಗ್ರಿ ಬಿಸಿಲಿನಲ್ಲಿ ಕಿವಿ ಮೇಲೆ ರಬ್ಬರ್ ಮೆತ್ತೆ ಇಟ್ಟುಕೊಂಡು ಅರ್ಧ ತಾಸು ಕೂತು ತೋರಿಸಿ. ಮತ್ತೆ ಮನೆಯವರು ಐದು ಜನ ಕೂತು ಸಿನಿಮಾ ನೋಡುವಾಗ ಯಾರ ಕಿವಿಗೆ ಹಾಕುತ್ತೀರಿ?

"ದುಬಾರಿ ಲ್ಯಾಪ್‌ಟಾಪ್‌ನಲ್ಲಿ ಸೌಂಡ್ ಚೆನ್ನಾಗಿದೆ" ಅಂತ ಒಬ್ಬರು. ಹೌದು, ಇದೆ. 16 ಇಂಚಿನ ಮ್ಯಾಕ್‌ಬುಕ್ ಪ್ರೋದಲ್ಲಿ ಆರು ಸ್ಪೀಕರ್ ಇವೆ. ಬೆಲೆ ಎರಡು ಲಕ್ಷದ ಮೇಲೆ. ಸಾವಿರ ಎರಡು ಸಾವಿರದ ಡಬ್ಬಿಗೆ ರೊಕ್ಕ ಜಾಸ್ತಿ ಆಯ್ತಾ ಅಂತ ನನ್ನನ್ನು ಕೇಳಿ, ಎರಡು ಲಕ್ಷದ ಮಷೀನ್ ತೋರಿಸುವುದು ಯಾವ ಊರ ನ್ಯಾಯ?

ಅಂದ ಹಾಗೆ, ಇಂಥ ಮಾತು ಬೇರೆಯವರು ಕನ್ನಡದಲ್ಲಿ ಕೂತು ಹೇಳುವುದಿಲ್ಲ. ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ ಅಂದರೆ ಈಗಲೇ ಆಗಿ, ಗಂಟೆ ಗುರುತು ಒತ್ತಿ. ಕೊಪ್ಪಳ, ರಾಯಚೂರು, ಸಿಂಧನೂರು, ಸಿರುಗುಪ್ಪ, ಎಲ್ಲಿಂದ ನೋಡುತ್ತಿದ್ದೀರಿ ಅಂತ ಊರ ಹೆಸರು ಬರೆಯಿರಿ. ನಾನು ಎಲ್ಲಾ ಓದುತ್ತೇನೆ. ಓದಿದ್ದಕ್ಕೇ ಈ ವಿಡಿಯೋ.

ಈಗ ಕೊಳ್ಳುವಾಗ ಎಚ್ಚರ. ನನ್ನ ಗೆಳೆಯನದು ಒಂದು ಜೀನ್ಸ್ ಯುನಿಟ್ ಇದೆ. ಸುತ್ತ ಹೊಲಿಗೆ ಮಷೀನ್‌ಗಳ ಟರ್ರೋ ಟರ್ರೋ. ಬಿಲ್ ಮಾಡುವ ಲ್ಯಾಪ್‌ಟಾಪ್‌ನಲ್ಲಿ ಹಾಡು ಹಾಕಿದರೆ ಪಕ್ಕದ ಮಷೀನ್‌ವರೆಗೂ ಬರುವುದಿಲ್ಲ ಅಂತ ಪೇಟೆಯ ಒಂದು ಅಂಗಡಿಯಲ್ಲಿ ಯುಎಸ್‌ಬಿ ಸ್ಪೀಕರ್ ತಂದ. ಪೆಟ್ಟಿಗೆ ಮೇಲೆ "1000 ವ್ಯಾಟ್ ಪಿಎಂಪಿಒ" ಅಂತ ಕೆಂಪು ಅಕ್ಷರ. ಪಿಎಂಪಿಒ ಅಂದರೆ ಒಂದು ಕ್ಷಣದ ಗರಿಷ್ಠ ಶಕ್ತಿ ಅಂತ ಮಾರುವವರು ಹೇಳಿಕೊಳ್ಳುವ ಲೆಕ್ಕ. ಒಳಗೆ ಬ್ಯಾಟರಿ ಇಲ್ಲ, ಕರೆಂಟ್ ಬರುವುದು ಯುಎಸ್‌ಬಿ ತೂತಿನಿಂದ ಮಾತ್ರ. ಯುಎಸ್‌ಬಿ 2.0 ತೂತು ಕೊಡುವುದು 5 ವೋಲ್ಟ್, ಅರ್ಧ ಆಂಪಿಯರ್. ಗುಣಿಸಿ ನೋಡಿ, ಎರಡೂವರೆ ವ್ಯಾಟ್. 3.0 ಆದರೂ ನಾಲ್ಕೂವರೆ. ಉಳಿದ ವ್ಯಾಟ್ ಎಲ್ಲಿಂದ ಬಂತು, ಪೆಟ್ಟಿಗೆ ಪ್ರಿಂಟ್ ಮಾಡಿದವರೇ ಹೇಳಬೇಕು. ಪಿಎಂಪಿಒ ಅಂದಲ್ಲಿ ಕಣ್ಣು ಹಾಯಿಸಬೇಡಿ, ಆರ್‌ಎಂಎಸ್, ಅಂದರೆ ನಿರಂತರವಾಗಿ ಕೊಡುವ ವ್ಯಾಟ್, ಎಷ್ಟು ಅಂತ ಕೇಳಿ. ವ್ಯಾಟ್ ಎರಡು ಪಟ್ಟು ಮಾಡಿದರೆ ಸದ್ದಿನ ಅಳತೆಯಲ್ಲಿ ಏರುವುದು ಬರೀ 3 ಡೆಸಿಬೆಲ್, ಕಿವಿಗೆ ಎರಡು ಪಟ್ಟು ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ವ್ಯಾಟ್ ಹಿಂದೆ ಓಡಬೇಡಿ. ಡಬ್ಬಿಯೊಳಗಿನ ಸ್ಪೀಕರ್ ಎಷ್ಟು ಅಗಲ, ಡಬ್ಬಿಯ ಹೊಟ್ಟೆ ಎಷ್ಟು ದೊಡ್ಡದು ನೋಡಿ. ಗಾಳಿ, ಗಾಳಿ!

ಬ್ಲೂಟೂತೋ ವೈರೋ? ನನ್ನ ಮತ ವೈರ್‌ಗೆ. ಬ್ಲೂಟೂತ್‌ನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದೆ, ಆಟ ಆಡುವವರಿಗೆ, ಕೀಬೋರ್ಡ್ ನುಡಿಸುವವರಿಗೆ ಅದು ಥಟ್ಟನೆ ಗೊತ್ತಾಗುತ್ತದೆ. ಇನ್ನೊಂದು ಮುಖ್ಯ ವಿಷಯ, ದಯವಿಟ್ಟು ಬರೆದಿಟ್ಟುಕೊಳ್ಳಿ. ಮೀಟಿಂಗ್‌ನಲ್ಲಿ ಇದ್ದಕ್ಕಿದ್ದಂತೆ ಬ್ಲೂಟೂತ್ ಸ್ಪೀಕರ್ ದನಿ ಕೊಡದೊಳಗಿಂದ ಬಂದ ಹಾಗೆ ಆಗುತ್ತದೆ ಅಂತ ತುಂಬಾ ಜನ ಕೇಳಿದ್ದೀರಿ. ಅದು ಕೆಟ್ಟಿಲ್ಲ. ಸ್ಪೀಕರ್‌ನಲ್ಲೇ ಇರುವ ಮೈಕ್ ಅನ್ನು ಲ್ಯಾಪ್‌ಟಾಪ್ ಬಳಸಲು ಶುರು ಮಾಡಿದೆ, ಆಗ ಬ್ಲೂಟೂತ್ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಸೆಟ್ಟಿಂಗ್‌ನಲ್ಲಿ ಮೈಕ್ ಲ್ಯಾಪ್‌ಟಾಪಿನದು, ಸ್ಪೀಕರ್ ಹೊರಗಿನದು ಅಂತ ಬೇರೆ ಬೇರೆ ಆರಿಸಿ. ಸರಿಹೋಗುತ್ತದೆ.

ಮತ್ತೆ ಬ್ಯಾಟರಿ ಇರುವ ಸ್ಪೀಕರ್ ಅನ್ನು ನಮ್ಮ ಬಿಸಿಲಿಗೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಇಡುವ ಜಾಗವೂ ಮುಖ್ಯ, ಗೋಡೆಯ ಹತ್ತಿರ ಇಟ್ಟರೆ ಡಗ್ಗಾ ಇನ್ನೂ ತುಂಬುತ್ತದೆ.

ಇನ್ನೂ ನಾಲ್ಕು ಪಾಯಿಂಟ್ ಬರೆದಿಟ್ಟಿದ್ದೆ, ಬಿಡಿ. ಬೆವರಿಗೆ ಹಾಳೆ ಒದ್ದೆ ಆಗಿದೆ. ಇದು ಬಳ್ಳಾರಿ ರಾಘವರ ಊರು. ವೃತ್ತಿಯಿಂದ ವಕೀಲರು, ರಂಗದ ಮೇಲೆ ನಿಂತರೆ ದೊಡ್ಡ ನಟರು, ಅವರ ಹೆಸರಿನಲ್ಲಿ ಕಲಾಮಂದಿರವೇ ಇದೆ ಇಲ್ಲಿ. ನಾಟಕ ಕಟ್ಟಿದ ಊರಿನವರಿಗೆ ನಾನು ಹೇಳಿಕೊಡಬೇಕಾ, ದನಿ ಬರುವುದು ಎದೆಯಿಂದ ಅಂತ? ಲ್ಯಾಪ್‌ಟಾಪ್‌ಗೆ ಎದೆ ಇಲ್ಲ. ಅದು ಹಲ್ಲಿನಿಂದ ಮಾತಾಡುತ್ತದೆ. ಅದಕ್ಕೊಂದು ಎದೆ ಕೊಡಿ ಅಂತ ಕೇಳುತ್ತಿದ್ದೇನೆ, ಇದರಲ್ಲಿ ತಪ್ಪೇನಿದೆ?

"ಡೆಮೊ ತೋರಿಸಿ" ಅಂತ ಕೆಲವರು ಕೇಳುತ್ತೀರಿ. ಹೇಗೆ ತೋರಿಸಲಿ? ನೀವು ಈ ವಿಡಿಯೋ ಕೇಳುತ್ತಿರುವುದೇ ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ. ನಾನು ಇಲ್ಲಿ ಡೊಳ್ಳು ತಂದು ಬಾರಿಸಿದರೂ ನಿಮಗೆ ಟಕ್ ಟಕ್ ಅಂತಲೇ ಬರುತ್ತದೆ! ಕಿವಿಯಿಂದ ಕೇಳಿಯೇ ನಂಬಬೇಕು. ಗೆಳೆಯರ ಮನೆಯ ಸ್ಪೀಕರ್ ಒಂದು ದಿನಕ್ಕೆ ಕೇಳಿ ತನ್ನಿ, ಅಪ್ಪ ಅಮ್ಮನ ಇಷ್ಟದ ಹಾಡು ಹಾಕಿ, ಅವರ ಮುಖ ನೋಡಿ. ಆಮೇಲೆ ಬಂದು ನನಗೆ ರೊಕ್ಕದ ಮಾತು ಹೇಳಿ.

ಕಮೆಂಟ್ ಹಾಕಿದ ತಮ್ಮಾ, ನಿನ್ನ ಪ್ರೊಫೈಲ್‌ನಲ್ಲಿ ಬಳ್ಳಾರಿ ಅಂತಿದೆ. ಸಂಜೆ ಬಿಸಿಲು ಇಳಿದ ಮೇಲೆ ನಿನ್ನ ಲ್ಯಾಪ್‌ಟಾಪ್ ತಗೊಂಡು ಬಾ. ನಿಜವಾಗಿ ಕರೆಯುತ್ತಿದ್ದೇನೆ, ಮೆಸೇಜ್ ಮಾಡು, ಮನೆ ಗುರುತು ಹೇಳುತ್ತೇನೆ. ಒಗ್ಗಾಣಿ ಮಿರ್ಚಿ ನನ್ನ ಕಡೆಯಿಂದ. ಕೂಲರ್ ಹಾಕಿಯೇ ಕೇಳೋಣ, ಅಪ್ಪನೂ ಇರುತ್ತಾರೆ. ವೈರ್ ನನ್ನ ಹತ್ತಿರ ಇದೆ.