ಪುಟ್ಟ ಎಸ್‌ಎಸ್‌ಡಿ ಉಗ್ರಾಣವಲ್ಲ

ನಮಸ್ಕಾರ. ಹಳೆಯ ಲ್ಯಾಪ್‌ಟಾಪ್ ನಿಧಾನವಾಯಿತೆಂದು ಹೊಸದನ್ನು ಕೊಳ್ಳಲು ಹೊರಟವರಿಗೆ, ಮೊದಲು ಅದರೊಳಗೆ 128 ಅಥವಾ 256 ಜಿಬಿಯ ಒಂದು ಸಣ್ಣ ಎಸ್‌ಎಸ್‌ಡಿಯನ್ನು (ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಸಾಧನ) ಕೂರಿಸಿ ನೋಡಿ ಎಂದೇ ನಾನು ಹೇಳುತ್ತೇನೆ. ಇಷ್ಟು ಚಿಕ್ಕದರಲ್ಲಿ ಏನು ಹಿಡಿಸೀತು ಎಂದು ಕೇಳುವವರು ಅದನ್ನು ಉಗ್ರಾಣವೆಂದು ತಿಳಿದಿದ್ದಾರೆ. ಆಪರೇಟಿಂಗ್ ಸಿಸ್ಟಂ ಮತ್ತು ದಿನಬಳಕೆಯ ತಂತ್ರಾಂಶಗಳು ಅದರಲ್ಲಿರಲಿ. ಫೋಟೋ, ವಿಡಿಯೊಗಳು ಹಳೆಯ ಹಾರ್ಡ್ ಡಿಸ್ಕಿನಲ್ಲೇ ಉಳಿಯಲಿ.

ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತು ಮುಗಿಸಲು ಸುಮಾರು 11 ಮಿಲಿಸೆಕೆಂಡ್ ಬೇಕು; ಬೇಕಾದ ಮಾಹಿತಿ ಅದನ್ನು ಓದುವ ಮುಳ್ಳಿನ ಕೆಳಗೆ ಬರುವವರೆಗೆ ಯಂತ್ರವೆಲ್ಲ ಕಾಯಬೇಕು, ಆ ಮುಳ್ಳು ಅತ್ತಿತ್ತ ಸರಿಯುವ ಸಮಯ ಬೇರೆ. ಕಂಪ್ಯೂಟರ್ ಆರಂಭವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಓದಬೇಕಾಗುವುದರಿಂದ ಈ ಕಾಯುವಿಕೆ ಒಂದರ ಮೇಲೊಂದು ಕೂಡಿ ನಿಮಿಷಗಳಾಗುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಅದು ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದ್ದರಿಂದ ಸೆಕೆಂಡಿಗೆ 550 ಎಂಬಿ ಓದುವ ಸಾಟಾ (ಹಳೆಯ ಬಗೆಯ ಸಂಪರ್ಕ) ಎಸ್‌ಎಸ್‌ಡಿಗೂ 3500 ಎಂಬಿ ಓದುವ ಎನ್‌ವಿಎಂಇ (ಹೊಸ, ವೇಗದ ಬಗೆ) ಎಸ್‌ಎಸ್‌ಡಿಗೂ ಇರುವ ಅಂತರ ದೊಡ್ಡ ವಿಡಿಯೊ ನಕಲು ಮಾಡುವಾಗ ಎದ್ದು ಕಂಡರೂ ದಿನನಿತ್ಯದ ಕೆಲಸದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಸಾಟಾ ಮಾತ್ರ ಇದೆಯೆಂದು ಕೊರಗುವುದು, ನನ್ನ ಮಟ್ಟಿಗೆ, ಅನಗತ್ಯ.

ಕೊಳ್ಳುವವರು ನಿಜವಾಗಿ ಎಡವುವುದು ಸ್ಲಾಟ್ ವಿಷಯದಲ್ಲಿ. ಎಂ.2 ಎಂಬ ತೆಳು ಪಟ್ಟಿಯಾಕಾರದ ಎಸ್‌ಎಸ್‌ಡಿ ಕಾರ್ಡಿನ ಮೇಲಿನ 2280 ಎಂಬ ಅಂಕಿ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಎಂಬ ಅಳತೆಯಷ್ಟೇ; ಅದು ಸಾಟಾವೋ ಎನ್‌ವಿಎಂಇಯೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಎರಡು ಕಚ್ಚುಗಳಿರುವ ಸಾಟಾ ಕಾರ್ಡು ಎನ್‌ವಿಎಂಇ ಸ್ಲಾಟಿನೊಳಗೆ ಸಲೀಸಾಗಿ ಕೂತುಬಿಡಬಹುದು, ಆದರೆ ಆ ಸ್ಲಾಟಿಗೆ ಸಾಟಾ ಸಂಪರ್ಕವಿಲ್ಲದಿದ್ದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸುವುದೇ ಇಲ್ಲ. ಕೂತದ್ದೆಲ್ಲ ಹೊಂದಿತೆಂದು ನಂಬುವುದು ಬೇಡ. ನಿಮ್ಮ ಮಾದರಿಯ ಕೈಪಿಡಿಯನ್ನು ನೋಡಿಯೇ ಕೊಳ್ಳಿ.

ಕೂರಿಸುವ ಕೆಲಸ ಸರಳ. ದತ್ತಾಂಶದ ಬ್ಯಾಕಪ್ ತೆಗೆದಿಟ್ಟು, ಬ್ಯಾಟರಿಯ ಸಂಪರ್ಕ ಬಿಡಿಸಿ, ಕಾರ್ಡನ್ನು ಓರೆಯಾಗಿ ಸ್ಲಾಟಿಗೆ ತೂರಿಸಿ, ಮೆಲ್ಲಗೆ ಕೆಳಗೊತ್ತಿ ಒಂದು ಸ್ಕ್ರೂ ಬಿಗಿದರಾಯಿತು. ಆ ಸ್ಕ್ರೂ ಎಷ್ಟೋ ಸಲ ಕಾರ್ಡಿನ ಜೊತೆ ಬರುವುದಿಲ್ಲ, ಮತ್ತು ಬಿದ್ದರೆ ಸಿಗುವುದೂ ಇಲ್ಲ.

ಸಣ್ಣದಕ್ಕೆ ಒಂದು ಶಿಸ್ತು ಬೇಕೆಂಬುದನ್ನು ಒಪ್ಪುತ್ತೇನೆ. ಅದನ್ನು ಕಂಠಮಟ್ಟ ತುಂಬಿದರೆ, ಹೊಸದನ್ನು ಬರೆಯಲು ಹಳೆಯದನ್ನು ಸರಿಸುವ ಕೆಲಸ ಒಳಗೇ ಹೆಚ್ಚಿ ವೇಗ ಕುಸಿಯುತ್ತದೆ. ಐದನೆಯ ಒಂದು ಭಾಗವನ್ನಾದರೂ ಖಾಲಿ ಬಿಡುವುದು ಒಳ್ಳೆಯದು.

ಇಷ್ಟಾದ ಮೇಲೂ ವೇಗ ಬರಲಿಲ್ಲ ಎನ್ನುವವರು ಬಯಾಸ್‌ನಲ್ಲಿ, ಅಂದರೆ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ ಪುಟದಲ್ಲಿ, ಬೂಟ್ ಕ್ರಮವನ್ನು (ಮೊದಲು ಯಾವುದರಿಂದ ಏಳಬೇಕೆಂಬುದನ್ನು) ನೋಡಬೇಕು. ಎರಡರಲ್ಲೂ ಆಪರೇಟಿಂಗ್ ಸಿಸ್ಟಂ ಉಳಿದಿದ್ದರೆ, ಹೊಸ ಎಸ್‌ಎಸ್‌ಡಿ ಸುಮ್ಮನೆ ಕೂತಿದ್ದು, ಲ್ಯಾಪ್‌ಟಾಪ್ ಇನ್ನೂ ಹಳೆಯ ಹಾರ್ಡ್ ಡಿಸ್ಕಿನಿಂದಲೇ ಏಳುತ್ತಿರಬಹುದು.